ಕಣದ ಕ್ಯಾಮೆರಾಕ್ಕೆ ಕಾವಲು ಯಾರು? ಮನೆಗೊಂದು ಫೈರ್‌ವಾಲ್ ಆರಿಸುವ ಬಗೆ

ಕಾಫಿಗೆ ಬೆಲೆ ಬಂದ ಮೇಲೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ತೋಟಗಳಲ್ಲಿ ಕಣಕ್ಕೂ ಕ್ಯಾಮೆರಾ ಬಂದಿದೆ. ಮೂಡಿಗೆರೆ ಕಡೆ ಇರುವ ನಮ್ಮ ಭಾವನವರೂ ಕುಯ್ಲಿಗೆ ಮುಂಚೆ ನಾಲ್ಕು ಹಾಕಿಸಿದರು. ಎರಡು ಕಣಕ್ಕೆ, ಒಂದು ಗೋದಾಮಿಗೆ, ಇನ್ನೊಂದು ಹೋಂಸ್ಟೇ ಗೇಟಿಗೆ. ಜನವರಿಯಲ್ಲಿ ಹೋದಾಗ, ‘ರಾತ್ರಿ ಹೊತ್ತು ಇಂಟರ್ನೆಟ್ ತೆವಳುತ್ತದೆ, ಏನೆಂದು ಸ್ವಲ್ಪ ನೋಡು’ ಎಂದರು. ದೃಶ್ಯಗಳನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಒಳಹೊಕ್ಕು, ಯಾರ್ಯಾರು ಲಾಗಿನ್ ಆಗಲು ಯತ್ನಿಸಿದ್ದಾರೆ ಎಂಬ ಪಟ್ಟಿ ತೆರೆದೆ. ರಾತ್ರಿ 2 ಗಂಟೆ 11 ನಿಮಿಷ, ‘ಅಡ್ಮಿನ್’, ವಿಫಲ. ಅದೇ ನಿಮಿಷ, ‘ರೂಟ್’, ವಿಫಲ. 2 ಗಂಟೆ 12 ನಿಮಿಷ, ‘ಸಪೋರ್ಟ್’, ವಿಫಲ. ಹೀಗೆ ಪುಟದ ಮೇಲೆ ಪುಟ. ಆ ಹೊತ್ತಿನಲ್ಲಿ ಮನೆಯಲ್ಲಿ ಎಚ್ಚರವಿದ್ದದ್ದು ನಾಯಿ ಮಾತ್ರ.

ಭಾವನವರ ಮೇಲೆ ಯಾರಿಗೂ ಹಗೆ ಇರಲಿಲ್ಲ. ಕ್ಯಾಮೆರಾ ಹಾಕಿದವರು, ಮೊಬೈಲ್‌ನಲ್ಲಿ ದೃಶ್ಯ ಕಾಣಲಿ ಎಂದು ರೂಟರ್‌ನಲ್ಲಿ ಒಂದು ಬಾಗಿಲು ತೆರೆದಿಟ್ಟು ಹೋಗಿದ್ದರು, ಅಷ್ಟೇ. ಉಣುಗೋಲು ಸರಿಸಿ ದನ ಹೊಡೆದವರು ಅದನ್ನು ಮತ್ತೆ ಹಾಕದೆ ಹೋದ ಹಾಗೆ. ‘ಇದಕ್ಕೆ ಫೈರ್‌ವಾಲ್ ಹಾಕಬೇಕಂತಲ್ಲ, ಪುಕ್ಕಟೆ ಸಿಗುತ್ತದಂತಲ್ಲ, ಯಾವುದು ಒಳ್ಳೆಯದು?’ ಎಂದು ಅವರು ಕೇಳಿದ ಪ್ರಶ್ನೆಯನ್ನು ಆಮೇಲೆ ಬೇಲೂರು, ಸಕಲೇಶಪುರದ ಹೋಂಸ್ಟೇಯವರೂ ಕೇಳಿದ್ದಾರೆ. ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ತೋಟದ ರೈಟರ್ ಮಾಡುವ ಕೆಲಸ

ಇಂಟರ್ನೆಟ್‌ನಲ್ಲಿ ಎಲ್ಲವೂ ತುಂಡುತುಂಡಾಗಿ ಸಾಗುತ್ತದೆ. ಒಂದು ಫೋಟೊ ಕಳಿಸಿದರೂ ಅದು ನೂರಾರು ತುಂಡಾಗಿ ಹೋಗಿ, ಅತ್ತ ಸೇರಿ ಮತ್ತೆ ಒಂದಾಗುತ್ತದೆ. ಈ ತುಂಡಿಗೆ ಪ್ಯಾಕೆಟ್ ಎಂದು ಹೆಸರು. ಅಂಚೆ ಲಕೋಟೆಯ ಮೇಲಿರುವ ಹಾಗೆ ಪ್ರತಿ ಪ್ಯಾಕೆಟ್‌ನ ಮೇಲೂ ಕಳಿಸಿದವರ ವಿಳಾಸ, ತಲುಪಬೇಕಾದ ವಿಳಾಸ ಎರಡೂ ಇರುತ್ತವೆ. ಇದೇ ಐಪಿ ವಿಳಾಸ. ಜೊತೆಗೊಂದು ಪೋರ್ಟ್ ಸಂಖ್ಯೆ. ಐಪಿ ವಿಳಾಸ ಮನೆ ಯಾವುದೆಂದು ಹೇಳಿದರೆ, ಪೋರ್ಟ್ ಕೋಣೆ ಯಾವುದೆಂದು ಹೇಳುತ್ತದೆ. ಕೋಣೆಗಳು 65,535ರವರೆಗೆ ಇವೆ. 443 ಸುರಕ್ಷಿತ ಜಾಲತಾಣಗಳದ್ದು. 53 ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿ ಕೊಡುವ ಡಿಎನ್‌ಎಸ್‌ನದು. 123 ಗಡಿಯಾರ ಸರಿಪಡಿಸುವ ಎನ್‌ಟಿಪಿಯದು. ಕೊನೆಯ ಎರಡನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ದೊಡ್ಡ ತೋಟಗಳಲ್ಲಿ ಲೈನ್ ಮನೆಯವರ, ಅಂದರೆ ಸಾಲು ಮನೆಗಳಲ್ಲಿರುವ ಕೆಲಸಗಾರರ, ಕಾಗದಗಳೆಲ್ಲ ತೋಟದ ಹೆಸರಿಗೇ ‘ಕೇರಾಫ್’ ಎಂದು ಬರುತ್ತಿದ್ದವು. ಹೊರಗಿನವರಿಗೆ ತೋಟದ ವಿಳಾಸವೊಂದೇ ಗೊತ್ತು. ಯಾವ ಕಾಗದ ಯಾವ ಮನೆಗೆ ಎಂಬುದು ಕಚೇರಿಯಲ್ಲಿ ಕುಳಿತು ಲೆಕ್ಕಪತ್ರ ಬರೆಯುವ ರೈಟರ್‌ಗೆ ಗೊತ್ತು. ಮನೆಯ ರೂಟರ್ ಮಾಡುವುದು ಇದನ್ನೇ. ಒಳಗೆ ಮೊಬೈಲು, ಟಿವಿ, ಕ್ಯಾಮೆರಾಗಳಿಗೆ 192.168 ಎಂದು ಶುರುವಾಗುವ ಖಾಸಗಿ ವಿಳಾಸ. ಹೊರಗೆ ಇಡೀ ಮನೆಗೆ ಒಂದೇ ವಿಳಾಸ. ಈ ಅದಲುಬದಲಿಗೆ ನ್ಯಾಟ್ ಎನ್ನುತ್ತಾರೆ.

ಈಗ ರೈಟರ್‌ಗೆ ಇನ್ನೊಂದು ಜವಾಬ್ದಾರಿ ಕೊಡೋಣ. ಯಾರು ಯಾರಿಗೆ ಕಾಗದ ಬರೆದರು ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ಉತ್ತರ ಬಂದರೆ ಪುಸ್ತಕ ನೋಡಿ ಒಳಗೆ ಬಿಡಬೇಕು. ಯಾರೂ ಕೇಳದ, ಯಾರೂ ಕಾಯದ ಕಾಗದ ಬಂದರೆ ಬುಟ್ಟಿಗೆ ಹಾಕಬೇಕು. ಫೈರ್‌ವಾಲ್ ಎಂದರೆ ಇಷ್ಟೇ. ಬೆಂಕಿ ಪಕ್ಕದ ಮನೆಗೆ ಹಬ್ಬದಂತೆ ಕಟ್ಟುವ ಗೋಡೆಯಿಂದ ಹೆಸರು ಬಂದಿದೆಯಾದರೂ, ಅದು ಗೋಡೆಗಿಂತ ಹೆಚ್ಚಾಗಿ ಪುಸ್ತಕ ಹಿಡಿದ ರೈಟರ್.

ಭಾವನವರ ಮನೆಯಲ್ಲಿ ಆದದ್ದೇನು? ‘ಡಿವಿಆರ್ ಎಂದು ಬರೆದ ಕಾಗದ ಯಾರಿಂದ ಬಂದರೂ, ಕೇಳದೆ ನೇರವಾಗಿ ಕಣಕ್ಕೆ ಕಳಿಸು’ ಎಂದು ರೈಟರ್‌ಗೆ ಹೇಳಿಟ್ಟಿದ್ದರು. ಇದರ ಹೆಸರು ಪೋರ್ಟ್ ಫಾರ್ವರ್ಡಿಂಗ್. ಕೆಲವು ಉಪಕರಣಗಳು ಯುಪಿಎನ್‌ಪಿ ಎಂಬ ಸೌಲಭ್ಯ ಬಳಸಿ ಈ ಮಾತನ್ನು ಯಜಮಾನರ ಅಪ್ಪಣೆ ಇಲ್ಲದೆ ತಾವೇ ರೈಟರ್ ಕಿವಿಯಲ್ಲಿ ಊದುತ್ತವೆ. ರೂಟರ್‌ನಲ್ಲಿ ಅದನ್ನು ಇವತ್ತೇ ಆಫ್ ಮಾಡಿಬಿಟ್ಟರೆ ಸಾಮಾನ್ಯವಾಗಿ ನಷ್ಟವಿಲ್ಲ.

ನಮ್ಮ ತೋಟ ಯಾರಿಗೆ ಗೊತ್ತು?

‘ಈ ಮೂಲೆಯ ಮನೆ ಅವರ ಕಣ್ಣಿಗೆ ಹೇಗೆ ಬಿತ್ತು?’ ಎಂದು ಭಾವ ಕೇಳಿದರು. ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ದೊಡ್ಡ ಸಂಖ್ಯೆ ಅನ್ನಿಸುತ್ತದೆ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜೀಮ್ಯಾಪ್ ಎಂಬ ತಂತ್ರಾಂಶದಿಂದ, ಒಂದೇ ಕಂಪ್ಯೂಟರ್‌ನಲ್ಲಿ ಕುಳಿತು ಅಷ್ಟೂ ವಿಳಾಸಗಳ ಬಾಗಿಲನ್ನು 45 ನಿಮಿಷದೊಳಗೆ ತಟ್ಟಿ ತೋರಿಸಿದರು. ಯಂತ್ರಕ್ಕೆ ಮೂಡಿಗೆರೆಯೂ ಒಂದೇ, ಮುಂಬೈಯೂ ಒಂದೇ.

ತಟ್ಟಿದ ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ 2016ರ ಮಿರಾಯ್ ಪ್ರಕರಣ ಸಾಕು. ಆ ಕುತಂತ್ರಾಂಶಕ್ಕೆ ಹೆಚ್ಚಿನ ಬುದ್ಧಿ ಏನೂ ಇರಲಿಲ್ಲ. ಕಾರ್ಖಾನೆಯಿಂದ ಬರುವಾಗಲೇ ಇರುವ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಅದು ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಮೇಲೆ ಒಂದೊಂದಾಗಿ ಪ್ರಯೋಗಿಸುತ್ತಿತ್ತು. ಲಕ್ಷಾಂತರ ಉಪಕರಣಗಳು ಅದರ ಕೈವಶವಾದವು. ಅಂಥ ಉಪಕರಣಗಳೇ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಮುಗಿಬಿದ್ದು, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಂತಾಯಿತು. ಕ್ಯಾಮೆರಾದ ಒಡೆಯರಿಗೆ ಗೊತ್ತಾದದ್ದು ಇಷ್ಟೇ: ಇಂಟರ್ನೆಟ್ ಯಾಕೋ ತೆವಳುತ್ತಿದೆ. ಮಿರಾಯ್ ಬರೆದವರು ಮೂವರು ಹುಡುಗರು. ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗಳ ವ್ಯಾಪಾರದಲ್ಲಿ ಎದುರಾಳಿಗಳನ್ನು ಬೀಳಿಸಲು ಶುರುಮಾಡಿದ ಕೆಲಸವದು.

ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಆದರೆ ಅದಕ್ಕೆ ಮುಂಚೆಯೇ ಗೋಡೆಗೆ ಹತ್ತಿದ ಕ್ಯಾಮೆರಾಗಳು ಗೋಡೆಯ ಮೇಲೇ ಇವೆ.

ಕಂಪನಿ ಕೊಟ್ಟ ಡಬ್ಬದಲ್ಲಿ ಫೈರ್‌ವಾಲ್ ಇಲ್ಲವೇ?

ಇದೆ. ಫೈಬರ್ ಸಂಪರ್ಕದ ಜೊತೆ ಬರುವ ಡಬ್ಬದಲ್ಲೂ ರೈಟರ್ ಇದ್ದಾರೆ, ಪುಸ್ತಕವೂ ಇದೆ. ಮನೆಯಲ್ಲಿ ನಾಲ್ಕು ಮೊಬೈಲು, ಒಂದು ಟಿವಿ ಮಾತ್ರ ಇರುವವರಿಗೆ, ಪಾಸ್‌ವರ್ಡ್ ಬದಲಿಸಿ ಯುಪಿಎನ್‌ಪಿ ಆಫ್ ಮಾಡಿದರೆ ಬಹುಮಟ್ಟಿಗೆ ಅದೇ ಸಾಕು. ಹೀಗೆಂದರೆ ಲೇಖನ ಇಲ್ಲಿಗೇ ಮುಗಿಯಬೇಕು. ಆದರೆ ಎರಡು ತೊಡಕಿವೆ.

ಒಂದು, ಆ ಡಬ್ಬದ ತಂತ್ರಾಂಶಕ್ಕೆ ಪರಿಷ್ಕರಣೆ ಬರುವುದು ತಯಾರಕರ ಮರ್ಜಿ. ಮಾದರಿ ಹಳತಾದರೆ ಅವರು ಅದನ್ನು ಮರೆಯುತ್ತಾರೆ. ಮುಕ್ತ ತಂತ್ರಾಂಶದ ಮಾತು ಬರುವುದು ಇಲ್ಲಿ. ಬಿಚ್ಚಲು ಬಾರದಂತೆ ಸೀಲು ಹಾಕಿದ ಪಂಪ್‌ಸೆಟ್ ಒಂದು. ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ, ನೋಡಿ, ರಿಪೇರಿ ಮಾಡಬಹುದಾದ ಪಂಪ್‌ಸೆಟ್ ಇನ್ನೊಂದು. ಮುಕ್ತ ತಂತ್ರಾಂಶ ಎರಡನೆಯ ಜಾತಿಯದು: ಅದನ್ನು ಬರೆದ ಮೂಲ ಸಾಲುಗಳು ಎಲ್ಲರಿಗೂ ಕಾಣುತ್ತವೆ, ದೋಷ ಕಂಡವರು ತಿದ್ದಬಹುದು.

ಎರಡನೆಯದು ಹೋಂಸ್ಟೇಯವರಿಗೆ ಹೆಚ್ಚು ಮುಖ್ಯ. ಸಾಮಾನ್ಯ ಡಬ್ಬದ ಒಳಗೆ ಎಲ್ಲರೂ ಒಂದೇ ಹಜಾರದಲ್ಲಿ ಕುಳಿತಿರುತ್ತಾರೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದ ಅತಿಥಿಯ ಲ್ಯಾಪ್‌ಟಾಪು, ಕಣದ ಕ್ಯಾಮೆರಾ, ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್ ಎಲ್ಲ ಒಂದೇ ಜಾಲದಲ್ಲಿ. ಅತಿಥಿಯ ಲ್ಯಾಪ್‌ಟಾಪ್‌ನಲ್ಲಿ ವೈರಸ್ ಇದ್ದರೆ ಅದಕ್ಕೆ ರೈಟರ್ ಮುಂದೆ ಹಾದುಹೋಗುವ ಪ್ರಮೇಯವೇ ಇಲ್ಲ. ಒಂದೇ ಸೂರಿನ ಕೆಳಗೆ ನಡುವೆ ಗೋಡೆ ಎಬ್ಬಿಸಿ ಬೇರೆ ಬೇರೆ ಮನೆ ಮಾಡುವ ಲೈನ್ ಮನೆಯ ವ್ಯವಸ್ಥೆ ಇಲ್ಲೂ ಬೇಕು. ಒಂದೇ ತಂತಿಯಲ್ಲಿ ಹಲವು ಪ್ರತ್ಯೇಕ ಜಾಲಗಳನ್ನು ಓಡಿಸುವ ಈ ಉಪಾಯಕ್ಕೆ ವಿಎಲ್ಎಎನ್ ಎಂದು ಹೆಸರು. ಕೆಲವು ಡಬ್ಬಗಳಲ್ಲಿ ಇರುವ ‘ಗೆಸ್ಟ್ ವೈ-ಫೈ’ ಇದರ ಬಡ ರೂಪ.

ನಾಲ್ಕು ಹೆಸರು, ಒಂದಿಷ್ಟು ಹಿಸ್ಸೆ

ಈ ಎರಡೂ ತೊಡಕು ಬಿಡಿಸುವ ಮುಕ್ತ ಫೈರ್‌ವಾಲ್ ತಂತ್ರಾಂಶಗಳ ಚರಿತ್ರೆ ಒಟ್ಟು ಕುಟುಂಬದ ಪಾಲು ಪಟ್ಟಿಯ ಹಾಗಿದೆ. 2003ರಲ್ಲಿ ಸ್ವಿಟ್ಜರ್ಲೆಂಡ್‌ನ ಮ್ಯಾನುಯೆಲ್ ಕ್ಯಾಸ್ಪರ್ ಎಂಬುವರು ಮೊನೊವಾಲ್ ಎಂಬ ಪುಟ್ಟ ಫೈರ್‌ವಾಲ್ ಬಿಡುಗಡೆ ಮಾಡಿದರು. ಅದರಿಂದ 2004ರಲ್ಲಿ ಒಡೆದು ಬಂದದ್ದು ಪಿಎಫ್‌ಸೆನ್ಸ್. ಅದರ ಹಿಂದೆ ಈಗ ನೆಟ್‌ಗೇಟ್ ಎಂಬ ಅಮೆರಿಕದ ಕಂಪನಿ ಇದೆ. ಅದರಿಂದ ಮತ್ತೆ ಒಡೆದು, 2015ರ ಜನವರಿಯಲ್ಲಿ ಹೊರಬಂದದ್ದು ಓಪಿಎನ್‌ಸೆನ್ಸ್. ಅದರ ಹಿಂದಿರುವುದು ನೆದರ್‌ಲೆಂಡ್ಸ್‌ನ ಡೆಸಿಸೊ. ಮುಂದಿನ ತಿಂಗಳೇ ಕ್ಯಾಸ್ಪರ್ ಮೊನೊವಾಲ್ ಕೆಲಸ ನಿಲ್ಲಿಸಿ, ತಮ್ಮ ಬಳಕೆದಾರರಿಗೆ ಓಪಿಎನ್‌ಸೆನ್ಸ್ ನೋಡಿರೆಂದು ಹೇಳಿದರು. ಮುಕ್ತ ತಂತ್ರಾಂಶದಲ್ಲಿ ಹಿಸ್ಸೆಗೆ ಕೋರ್ಟು ಬೇಡ. ಇಡೀ ಆಸ್ತಿಯ ನಕಲು ಇಬ್ಬರಿಗೂ ಸಿಗುತ್ತದೆ. ಆದರೂ ದಾಯಾದಿ ಜಗಳ ತಪ್ಪಲಿಲ್ಲ. ಓಪಿಎನ್‌ಸೆನ್ಸ್ ಹೆಸರಿನ ಒಂದು ಜಾಲತಾಣ ವಿಳಾಸ ಎದುರು ಪಕ್ಷದ ಕೈಯಲ್ಲಿದ್ದು, 2017ರಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ತೀರ್ಪಿನಿಂದ ಡೆಸಿಸೊಗೆ ಸೇರಿತು.

ಇವೆರಡೂ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಓಡುತ್ತವೆ, ಮೇಲ್ನೋಟಕ್ಕೆ ಅಕ್ಕತಂಗಿಯರಂತಿವೆ. ವ್ಯತ್ಯಾಸ ನಡೆ-ನುಡಿಯಲ್ಲಿ. ಓಪಿಎನ್‌ಸೆನ್ಸ್‌ನ ದೊಡ್ಡ ಆವೃತ್ತಿ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ ಬರುತ್ತದೆ; ನಡುನಡುವೆ ಸಣ್ಣ ತಿದ್ದುಪಡಿಗಳು. ಪಿಎಫ್‌ಸೆನ್ಸ್‌ನಲ್ಲಿ ಪ್ಲಸ್ ಎಂಬುದು ಕಂಪನಿಯ ವಾಣಿಜ್ಯ ಆವೃತ್ತಿ, ಸಿಇ ಎಂಬುದು ಮುಕ್ತ ಆವೃತ್ತಿ. ಸಿಇ ನಿಧಾನ: 2.7.2 ಬಂದದ್ದು 2023ರ ಡಿಸೆಂಬರ್‌ನಲ್ಲಿ, 2.8.0 ಬಂದದ್ದು 2025ರ ಮೇ ತಿಂಗಳಲ್ಲಿ. ನಿಧಾನವೆಂದರೆ ಕೆಟ್ಟದ್ದೆಂದಲ್ಲ, ಪದೇ ಪದೇ ಬದಲಾಗದ್ದನ್ನು ಇಷ್ಟಪಡುವವರು ಇದ್ದಾರೆ, ಹಳೆಯ ಬಳಕೆದಾರರು ಬರೆದಿಟ್ಟ ಮಾರ್ಗದರ್ಶನವೂ ಅದಕ್ಕೆ ಧಾರಾಳವಾಗಿದೆ. ಹೊಸದಾಗಿ ಶುರುಮಾಡುವವರಿಗೆ ನಾನು ಓಪಿಎನ್‌ಸೆನ್ಸ್ ಕಡೆಗೇ ವಾಲುತ್ತೇನೆ, ಮುಖ್ಯವಾಗಿ ಆ ಪರಿಷ್ಕರಣೆಯ ನಿಯಮಿತತೆಗಾಗಿ.

ಮೂರನೆಯದು ಓಪನ್‌ಡಬ್ಲ್ಯುಆರ್‌ಟಿ. ಇದರ ಹುಟ್ಟು ಸ್ವಾರಸ್ಯದ್ದು. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೂಟರ್‌ನೊಳಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಇದೆ ಎಂದು ಜನ ಪತ್ತೆ ಹಚ್ಚಿದರು. ಲಿನಕ್ಸ್‌ನ ಪರವಾನಗಿಯ ಪ್ರಕಾರ ಅದರ ಮೂಲ ಸಾಲುಗಳನ್ನು ಹಂಚಲೇಬೇಕು. ಒತ್ತಡಕ್ಕೆ ಮಣಿದು ಕಂಪನಿ 2003ರಲ್ಲಿ ಅದನ್ನು ಬಿಡುಗಡೆ ಮಾಡಿತು. 2004ರಲ್ಲಿ ಅದರ ಮೇಲೆ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಹೆಸರಿನಲ್ಲಿ ಇವತ್ತಿಗೂ ಆ ರೂಟರ್ ಉಳಿದಿದೆ. ಇದಕ್ಕೆ ಬೇರೆ ಕಂಪ್ಯೂಟರ್ ಬೇಡ. ಅಂಗಡಿಯಲ್ಲಿ ಸಿಗುವ, ಅದು ಬೆಂಬಲಿಸುವ ಮಾದರಿಯ ರೂಟರ್ ತಂದು, ಕಂಪನಿಯ ತಂತ್ರಾಂಶ ತೆಗೆದು ಇದನ್ನು ಹಾಕಿದರೆ ವೈ-ಫೈ, ಫೈರ್‌ವಾಲ್ ಎರಡೂ ಒಂದೇ ಡಬ್ಬದಲ್ಲಿ. ಕೊಳ್ಳುವ ಮುಂಚೆ ಅವರ ಪಟ್ಟಿಯಲ್ಲಿ ಮಾದರಿಯ ಸಂಖ್ಯೆ ಮಾತ್ರವಲ್ಲ, ಡಬ್ಬದ ಹಿಂದೆ ಸಣ್ಣಕ್ಷರದಲ್ಲಿರುವ ಆವೃತ್ತಿ ಸಂಖ್ಯೆಯನ್ನೂ ತಾಳೆ ನೋಡಬೇಕು. ಒಂದೇ ಹೆಸರಿನ ರೂಟರ್‌ನ ಒಳಗಿನ ಚಿಪ್ಪು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರುತ್ತದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್‌ನ ಹಳೆಯ ಡಬ್ಬಗಳಿಗೆ ಈಗಿನ ಆವೃತ್ತಿ ಹಿಡಿಸುವುದಿಲ್ಲ.

ನಾಲ್ಕನೆಯದು ಜರ್ಮನಿಯ ಐಪಿಫೈರ್. ಅದು ಜಾಲಗಳಿಗೆ ಬಣ್ಣ ಹಚ್ಚುತ್ತದೆ: ಹೊರಗಿನ ಇಂಟರ್ನೆಟ್ ಕೆಂಪು, ಮನೆಯದು ಹಸಿರು, ವೈ-ಫೈ ನೀಲಿ, ಹೊರಗಿನವರಿಗೆ ತೋರಿಸಬೇಕಾದ ಸರ್ವರ್‌ಗಳು ಕಿತ್ತಳೆ. ಕಲಿಯುವವರಿಗೆ ಇದಕ್ಕಿಂತ ಸುಲಭವಾದ ಪಾಠವಿಲ್ಲ. ಆದರೆ ಐಪಿವಿ6 ವಿಷಯದಲ್ಲಿ ಅದು ಹಿಂದುಳಿದಿದೆ. ಐಪಿವಿ6 ಎಂದರೆ ಹೊಸ ಮಾದರಿಯ ಉದ್ದನೆಯ ವಿಳಾಸ. ಅದರಲ್ಲಿ ಕೇರಾಫ್ ಬೇಕಿಲ್ಲ, ಲೈನ್ ಮನೆಗೊಂದೊಂದು ಸ್ವಂತ ವಿಳಾಸ. ಹಾಗಾಗಿಯೇ ನ್ಯಾಟ್‌ನ ಮರೆಯೂ ಇಲ್ಲ, ಫೈರ್‌ವಾಲ್ ಒಂದೇ ತಡೆ.

ಕರೆಂಟು, ಸಿಡಿಲು

ಪಿಎಫ್‌ಸೆನ್ಸ್ ಅಥವಾ ಓಪಿಎನ್‌ಸೆನ್ಸ್‌ಗೆ 64 ಬಿಟ್ ಕಂಪ್ಯೂಟರ್, ಅದಕ್ಕೆ ಎರಡು ನೆಟ್‌ವರ್ಕ್ ಕಿಂಡಿ ಬೇಕು: ಒಂದು ಹೊರಕ್ಕೆ, ಒಂದು ಒಳಕ್ಕೆ. ಅಟ್ಟದ ಮೇಲಿನ ಹಳೆಯ ಡೆಸ್ಕ್‌ಟಾಪ್ ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ಹಾಕಿ. ಅದು 60 ವ್ಯಾಟ್ ಎಳೆದರೆ, ಹಗಲೂ ರಾತ್ರಿ ಓಡಿದ ತಿಂಗಳಿಗೆ 43 ಯೂನಿಟ್. 10 ವ್ಯಾಟ್‌ನ ಮಿನಿ ಪಿಸಿ ಆದರೆ 7 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯ ಉಚಿತ ಮಿತಿ ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿರುವುದರಿಂದ, ಪುಕ್ಕಟೆ ಸಿಕ್ಕಿದ ಡೆಸ್ಕ್‌ಟಾಪ್ ಪುಕ್ಕಟೆ ಕರೆಂಟನ್ನು ನುಂಗಬಹುದು. ಅಲ್ಲದೆ ಈ ಎರಡರಲ್ಲಿ ವೈ-ಫೈ ಸಮರ್ಪಕವಾಗಿಲ್ಲ. ವೈ-ಫೈಗೆ ಬೇರೆ ಡಬ್ಬ ಇಡಲೇಬೇಕು.

ಮಲೆನಾಡಿನಲ್ಲಿ ಇನ್ನೊಂದು ಪ್ರಶ್ನೆ ಉಂಟು. ಆರಿದ್ರಾ ಮಳೆಯಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೋ ಲೆಕ್ಕವಿಲ್ಲ. ಡಿಸ್ಕಿಗೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತ ಕೆಡುತ್ತದೆ. ಆ ಎರಡು ತಂತ್ರಾಂಶಗಳನ್ನು ಅಳವಡಿಸುವಾಗ ಕಡತ ವ್ಯವಸ್ಥೆ ಯಾವುದೆಂದು ಕೇಳಿದರೆ ಝಡ್‌ಎಫ್‌ಎಸ್ ಆರಿಸಿ. ಹಳೆಯ ಯುಎಫ್‌ಎಸ್‌ಗಿಂತ ಅದು ಇಂಥ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ. ಓಪನ್‌ಡಬ್ಲ್ಯುಆರ್‌ಟಿಯ ಮುಖ್ಯ ಭಾಗ ಓದಲು ಮಾತ್ರ ಬರುವ ರೀತಿಯಲ್ಲಿ ಇರುವುದರಿಂದ ಅದಕ್ಕೆ ಈ ಭಯ ಕಡಿಮೆ. ಇನ್ನು ಸಿಡಿಲು. ಫೈಬರ್‌ನ ಗಾಜಿನ ಎಳೆ ವಿದ್ಯುತ್ ಹರಿಸುವುದಿಲ್ಲ. ಸಿಡಿಲು ಒಳಬರುವುದು ಕರೆಂಟಿನ ತಂತಿಯಿಂದ, ಇಲ್ಲವೇ ಮನೆಯಿಂದ ಕಣಕ್ಕೆ ಎಳೆದ ತಾಮ್ರದ ನೆಟ್‌ವರ್ಕ್ ಕೇಬಲ್‌ನಿಂದ. ಕಣದ ಕೇಬಲ್ ನೇರವಾಗಿ ದುಬಾರಿ ಮಿನಿ ಪಿಸಿಗೆ ಸಿಕ್ಕಿಸದೆ, ನಡುವೆ ಕೇಬಲ್‌ಗಳನ್ನು ಕೂಡಿಸುವ ಅಗ್ಗದ ನೆಟ್‌ವರ್ಕ್ ಸ್ವಿಚ್ ಇಡುವುದು ಲೇಸು. ಹೋದರೆ ಅದು ಮೊದಲು ಹೋಗಲಿ.

ಮೂರು ಸಾಲು, ಒಂದು ಅನುಕ್ರಮ

ಯಾವ ತಂತ್ರಾಂಶವಾದರೂ ನಿಜವಾದ ಕೆಲಸ ನಿಯಮ ಬರೆಯುವುದರಲ್ಲಿದೆ. ಓಪಿಎನ್‌ಸೆನ್ಸ್‌ನಲ್ಲಿ ಅತಿಥಿಗಳಿಗೆ ಬೇರೆ ಜಾಲ ಮಾಡಿದಿರಿ ಎನ್ನಿ. ಹೊಸ ಜಾಲಕ್ಕೆ ನಿಯಮವೇ ಇಲ್ಲದಾಗ ಎಲ್ಲವೂ ಬಂದ್. ‘ಖಾಸಗಿ ವಿಳಾಸಗಳಿಗೆ ಹೋಗಬೇಡ’ ಎಂದೊಂದು ಸಾಲು, ಅದರ ಕೆಳಗೆ ‘ಮಿಕ್ಕ ಎಲ್ಲಿಗಾದರೂ ಹೋಗು’ ಎಂದು ಇನ್ನೊಂದು ಸಾಲು ಬರೆಯುತ್ತೀರಿ. ನೋಡಲು ಸರಿಯಾಗಿದೆ. ಆದರೆ ಅತಿಥಿಯ ಮೊಬೈಲ್‌ನಲ್ಲಿ ಒಂದು ತಾಣವೂ ತೆರೆಯುವುದಿಲ್ಲ. ಯಾಕೆಂದರೆ ಹೆಸರನ್ನು ವಿಳಾಸಕ್ಕೆ ಬದಲಿಸಿ ಕೊಡುವ ಡಿಎನ್‌ಎಸ್ ಇರುವುದು ಫೈರ್‌ವಾಲ್ ಪೆಟ್ಟಿಗೆಯಲ್ಲೇ, ಅದರದ್ದೂ ಖಾಸಗಿ ವಿಳಾಸ. ಮೊದಲ ಸಾಲು ಅದನ್ನೂ ತಡೆದಿದೆ. ಹಾಗಾಗಿ ಎಲ್ಲಕ್ಕಿಂತ ಮೇಲೆ ‘ಫೈರ್‌ವಾಲ್‌ನ 53ನೇ ಪೋರ್ಟಿಗೆ ಹೋಗಬಹುದು’ ಎಂಬ ಸಾಲು ಬರಬೇಕು. ಸಾಲುಗಳನ್ನು ಮೇಲಿನಿಂದ ಓದುತ್ತಾ ಮೊದಲು ಹೊಂದಿದ್ದಕ್ಕೇ ನಿಲ್ಲುವುದು ಇದರ ಪದ್ಧತಿ. ‘ಎಲ್ಲಿಗಾದರೂ ಹೋಗು’ ಎಂಬುದನ್ನು ಅಪ್ಪಿತಪ್ಪಿ ಮೇಲಿಟ್ಟರೆ ಕೆಳಗಿನ ತಡೆ ಇದ್ದೂ ಇಲ್ಲದ ಹಾಗೆ.

ಕ್ಯಾಮೆರಾಗಳ ಜಾಲಕ್ಕೆ ಇನ್ನೂ ಬಿಗಿ: ಹೊರಗೆ ಹೋಗುವಂತೆಯೇ ಇಲ್ಲ. ಒಂದು ರಿಯಾಯಿತಿ ಮಾತ್ರ ಕೊಡಿ, ಸಮಯ ಕೇಳಲು ಫೈರ್‌ವಾಲ್‌ನ 123ನೇ ಪೋರ್ಟಿಗೆ. ಅದನ್ನು ಮರೆತರೆ ಕ್ಯಾಮೆರಾದ ಗಡಿಯಾರ ದಿನೇ ದಿನೇ ಜಾರುತ್ತದೆ. ಕಾಫಿ ಮೂಟೆ ಕದ್ದ ದೃಶ್ಯದ ಮೇಲೆ ತಪ್ಪು ತಾರೀಖು ಇದ್ದರೆ ಠಾಣೆಯಲ್ಲಿ ಪೇಚಾಟ.

ಹೊರಗಿನಿಂದ ಮೊಬೈಲ್‌ನಲ್ಲಿ ಕಣ ನೋಡುವುದು ಹೇಗೆ ಹಾಗಾದರೆ? ವಿಪಿಎನ್ ಮೂಲಕ. ನಿಮ್ಮ ಮೊಬೈಲ್‌ಗೂ ಮನೆಯ ಫೈರ್‌ವಾಲ್‌ಗೂ ನಡುವೆ ಗುಪ್ತ ಕಾಲುವೆ ತೋಡಿದ ಹಾಗೆ. ವೈರ್‌ಗಾರ್ಡ್ ಎಂಬ ವಿಪಿಎನ್, ಸರಿಯಾದ ಕೀಲಿ ಇಲ್ಲದೆ ಬಾಗಿಲು ತಟ್ಟಿದವರಿಗೆ ಉತ್ತರವನ್ನೇ ಕೊಡುವುದಿಲ್ಲ. ಅಲ್ಲಿ ಬಾಗಿಲಿದೆ ಎಂದೇ ತಟ್ಟಿದವರಿಗೆ ತಿಳಿಯುವುದಿಲ್ಲ. ಅದು ಓಪಿಎನ್‌ಸೆನ್ಸ್, ಪಿಎಫ್‌ಸೆನ್ಸ್, ಓಪನ್‌ಡಬ್ಲ್ಯುಆರ್‌ಟಿ ಮೂರರಲ್ಲೂ ಸಿಗುತ್ತದೆ.

ಕೊಳ್ಳುವ ಮುಂಚೆ ಎರಡು ವಿಚಾರಣೆ

ಫೈಬರ್ ಬಂದು ಸೇರುವ ಒಎನ್‌ಟಿ ಡಬ್ಬವನ್ನು ‘ಬ್ರಿಡ್ಜ್’ ರೀತಿಗೆ ಬದಲಿಸಿ ಕೊಡುವಿರಾ ಎಂದು ಸಂಪರ್ಕ ಕೊಟ್ಟವರನ್ನು ಕೇಳಿ. ಹಾಗೆ ಮಾಡಿದರೆ ಆ ಡಬ್ಬದ ರೈಟರ್ ರಜೆಗೆ ಹೋಗಿ, ಪುಸ್ತಕ ನಿಮ್ಮ ಫೈರ್‌ವಾಲ್ ಕೈಗೆ ಬರುತ್ತದೆ. ಕೊಡದಿದ್ದರೆ ರೈಟರ್‌ಗಳು ಇಬ್ಬರಾಗುತ್ತಾರೆ. ಕೆಲಸ ನಡೆಯುತ್ತದೆ, ವಿಪಿಎನ್ ತೋಡುವಾಗ ಮಾತ್ರ ತಲೆ ಬಿಸಿಯಾಗುತ್ತದೆ.

ಎರಡನೆಯದಾಗಿ, ರೂಟರ್‌ನ ಹೊರಮುಖದ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ, ಸಂಪರ್ಕ ಕೊಟ್ಟವರೇ ಮೇಲೆ ಇನ್ನೊಂದು ದೊಡ್ಡ ಕೇರಾಫ್ ಇಟ್ಟು ಹಲವು ಮನೆಗಳಿಗೆ ಒಂದೇ ವಿಳಾಸ ಹಂಚಿದ್ದಾರೆ ಎಂದು ಅರ್ಥ. ಆಗ ಹೊರಗಿನಿಂದ ವೈರ್‌ಗಾರ್ಡ್ ನೇರವಾಗಿ ಒಳಬರದು. ಐಪಿವಿ6 ದಾರಿ ಹಿಡಿಯಬೇಕು, ಇಲ್ಲವೇ ಸ್ಥಿರ ವಿಳಾಸಕ್ಕೆ ಹಣ ಕಟ್ಟಬೇಕು.

ಒಟಿಪಿ ಕೇಳುವ ಫೋನ್ ಕರೆ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಮೋಸದ ಕೊಂಡಿ ಇವನ್ನು ಯಾವ ಫೈರ್‌ವಾಲೂ ತಡೆಯುವುದಿಲ್ಲ. ಅಲ್ಲಿ ಬಾಗಿಲು ತೆರೆಯುವವರು ಒಳಗಿನವರೇ.

ಭಾವನವರಿಗೆ ನಾನು ಕೇಳಿದ ಪ್ರಶ್ನೆ ಒಂದೇ: ‘ನಾನಿಲ್ಲದಾಗ ಇದು ಕೆಟ್ಟರೆ ನೋಡುವವರು ಯಾರು?’ ಸ್ವಲ್ಪ ಹೊತ್ತು ಯೋಚಿಸಿ, ‘ಯಾರೂ ಇಲ್ಲ’ ಎಂದರು. ಆದ್ದರಿಂದ ಮಿನಿ ಪಿಸಿಯ ಆಸೆ ಬಿಟ್ಟು, ಓಪನ್‌ಡಬ್ಲ್ಯುಆರ್‌ಟಿ ಒಪ್ಪುವ ರೂಟರ್ ಒಂದನ್ನು ತಂದು ಮೂರು ಜಾಲ ಮಾಡಿದೆವು: ಮನೆ, ಅತಿಥಿ, ಕ್ಯಾಮೆರಾ. ಮಗ ಓದು ಮುಗಿಸಿ ಊರಿಗೆ ಬಂದು ಕೂತರೆ ಓಪಿಎನ್‌ಸೆನ್ಸ್ ನೋಡೋಣ ಎಂದಾಯಿತು. ರೂಟರ್‌ನ ಸೆಟ್ಟಿಂಗ್‌ಗಳ ನಕಲನ್ನು ಪೆನ್‌ಡ್ರೈವ್‌ಗೆ ಹಾಕಿ ಕಾಫಿ ಬಿಲ್ಲುಗಳ ಡ್ರಾಯರ್‌ನಲ್ಲಿ ಇಟ್ಟೆವು. ಹಳೆಯ ರೂಟರ್ ಎಸೆಯದೆ ಅಟ್ಟಕ್ಕೆ ಏರಿಸಿದೆವು; ಸಿಡಿಲಿಗೆ ಹೊಸದು ಹೋದರೆ ಒಂದು ದಿನ ತಳ್ಳಲು ಬೇಕಲ್ಲ.

ಹದಿನೈದು ದಿನ ಬಿಟ್ಟು ಅವರ ಫೋನ್ ಬಂತು. ದನಿಯಲ್ಲಿ ಗಾಬರಿ. ‘ನೀನು ತೋರಿಸಿದ ಆ ಪಟ್ಟಿ ತೆರೆದು ನೋಡಿದೆ. ರಾತ್ರಿಯದು ಒಂದು ಸಾಲೂ ಇಲ್ಲ. ಡಿವಿಆರ್ ಕೆಟ್ಟಿದೆಯೋ ಏನೋ?’